ಜಾಮೀನು ಹಾಕಿದವರು ಯಾರು?

ಬ್ರೌಸರಿನಲ್ಲಿ ಬರುವ ಎಚ್ಚರಿಕೆಗೆ ನಮ್ಮ ಜನ ಬೆಲೆ ಕೊಡುವುದಿಲ್ಲ ಎಂಬುದು ನನ್ನ ಹಳೆಯ ತಕರಾರು. ದಾವಣಗೆರೆಯ ಪತ್ತಿನ ಸಹಕಾರಿ ಸಂಘವೊಂದರಲ್ಲಿ ಸರ್ವರ್ ನೋಡಿಕೊಳ್ಳುವವನು ನಾನು. ಕೌಂಟರಿನಿಂದ ಫೋನ್ ಬರುತ್ತದೆ: "ಸಾರ್, ಸುರಕ್ಷಿತ ಅಲ್ಲ ಅಂತಿದೆ, ಮುಂದೆ ಹೋಗ್ಲಾ?" ಕೇಳುವಷ್ಟರಲ್ಲಿ ಬೆರಳು ಮೌಸಿನ ಮೇಲಿರುತ್ತದೆ.

ಸಾಲಕ್ಕೆ ಬಂದವರ ಪರಿಚಯವಿಲ್ಲದಿದ್ದರೆ ನಾವು ಜಾಮೀನುದಾರರ ಸಹಿ ಕೇಳುತ್ತೇವಲ್ಲ, ಬ್ರೌಸರ್ ಕೇಳುವುದೂ ಅದನ್ನೇ. "ನಾನು ಇಂಥ ಬ್ಯಾಂಕು" ಎಂದು ಸರ್ವರ್ ಹೇಳಿಕೊಂಡರೆ ಸಾಲದು, ಸರ್ಟಿಫಿಕೇಟ್ ತೋರಿಸಬೇಕು. ಅದರಲ್ಲಿ ತಾಣದ ಹೆಸರು, ಸಾರ್ವಜನಿಕ ಕೀಲಿ, ವಾಯಿದೆ, ಜೊತೆಗೆ ಸರ್ಟಿಫಿಕೇಟ್ ಸಂಸ್ಥೆಯೊಂದರ ಡಿಜಿಟಲ್ ಸಹಿ ಇರುತ್ತದೆ. ಆ ಕಾಗದವನ್ನು ಯಾರು ಬೇಕಾದರೂ ನಕಲು ಮಾಡಬಹುದು. ಆದ್ದರಿಂದ ಜೋಡಿ ಖಾಸಗಿ ಕೀಲಿ ತನ್ನಲ್ಲೇ ಇದೆಯೆಂದು ಸರ್ವರ್ ಹೊಸದಾಗಿ ಸಹಿ ಹಾಕಿ ತೋರಿಸಬೇಕು. ಕೀಲಿಯನ್ನು ಮಾತ್ರ ಕೊಡುವುದಿಲ್ಲ. 1976ರಲ್ಲಿ ವಿಟ್‌ಫೀಲ್ಡ್ ಡಿಫಿ ಮತ್ತು ಮಾರ್ಟಿನ್ ಹೆಲ್ಮನ್ ಪ್ರಕಟಿಸಿದ ಜೋಡಿ ಕೀಲಿಯ ವಿಚಾರವೇ ಇದಕ್ಕೆಲ್ಲ ತಳಹದಿ.

ಸರಿ, ಜಾಮೀನುದಾರ ನಂಬಿಗಸ್ತನೆಂದು ಹೇಳಿದವರು ಯಾರು? ವಿಂಡೋಸ್, ಆಂಡ್ರಾಯ್ಡ್, ಫೈರ್‌ಫಾಕ್ಸ್ ತಯಾರಿಸಿದವರು. ನಂಬಬೇಕಾದ ಮೂಲ ಸರ್ಟಿಫಿಕೇಟುಗಳ ಪಟ್ಟಿಯನ್ನು ಅವರೇ ಒಳಗಿಟ್ಟು ಕೊಟ್ಟಿರುತ್ತಾರೆ. ನೀವಾಗಲಿ ನಾನಾಗಲಿ ಅದಕ್ಕೆ ಕೈ ಎತ್ತಿದವರಲ್ಲ. ಪಟ್ಟಿಯಲ್ಲಿರುವ ಬಹುತೇಕ ಯಾವುದೇ ಸಂಸ್ಥೆ ಜಗತ್ತಿನ ಯಾವ ತಾಣಕ್ಕೆ ಬೇಕಾದರೂ ಜಾಮೀನು ಹಾಕಬಹುದು. ಎಡವಟ್ಟು ಇರುವುದು ಅಲ್ಲಿ.

2011ರಲ್ಲಿ ನೆದರ್ಲೆಂಡ್ಸ್‌ನ ಡಿಜಿನೋಟಾರ್ ಎಂಬ ಸಂಸ್ಥೆಗೆ ಕಳ್ಳರು ನುಗ್ಗಿ, ಗೂಗಲ್ ಸೇರಿದಂತೆ ಹಲವು ಹೆಸರುಗಳಿಗೆ ಐನೂರಕ್ಕೂ ಹೆಚ್ಚು ಖೊಟ್ಟಿ ಸರ್ಟಿಫಿಕೇಟ್ ಬರೆದುಕೊಂಡರು. ಸಹಿ ಅಸಲಿಯೇ! ಇರಾನಿನಲ್ಲಿ ಸುಮಾರು 3 ಲಕ್ಷ ವಿಳಾಸಗಳಿಂದ ಜಿಮೇಲ್ ನೋಡುತ್ತಿದ್ದವರಿಗೂ ಗೂಗಲ್‌ಗೂ ನಡುವೆ ಆ ಖೊಟ್ಟಿ ಸರ್ಟಿಫಿಕೇಟ್ ಇಟ್ಟುಕೊಂಡು ಯಾರೋ ಕುಳಿತಿದ್ದರು. ಬೇರೆ ಬ್ರೌಸರುಗಳು ತೆಪ್ಪಗಿದ್ದವು. ಗೂಗಲ್ ತಾಣಗಳಿಗೆ ಯಾರ ಜಾಮೀನು ನಡೆಯುತ್ತದೆ ಎಂಬುದು ಕ್ರೋಮ್‌ಗೆ ಮೊದಲೇ ಗೊತ್ತಿದ್ದರಿಂದ ಅದು ಮಾತ್ರ ತಡೆಯಿತು. ಆಗಸ್ಟಿನಲ್ಲಿ ಅಲ್ಲಿನ ಬಳಕೆದಾರರೊಬ್ಬರು ಆ ಎಚ್ಚರಿಕೆಯನ್ನು ದಾಟಿಹೋಗದೆ, ಇದೇನೆಂದು ಗೂಗಲ್ಲನ್ನೇ ಕೇಳಿದರು. ಗುಟ್ಟು ಹೊರಬಿತ್ತು. ಪಟ್ಟಿಗಳಿಂದ ಡಿಜಿನೋಟಾರ್ ಹೆಸರು ಹೊಡೆದುಹಾಕಿದರು. ಸೆಪ್ಟೆಂಬರಿನಲ್ಲಿ ಸಂಸ್ಥೆ ದಿವಾಳಿಯಾಯಿತು.

ಹೊರದೇಶದ ಕತೆ ಎಂದುಕೊಳ್ಳಬೇಡಿ. 2014ರ ಜುಲೈನಲ್ಲಿ ನಮ್ಮದೇ ನ್ಯಾಷನಲ್ ಇನ್ಫರ್ಮ್ಯಾಟಿಕ್ಸ್ ಸೆಂಟರ್ ಹೆಸರಿನಲ್ಲಿ ಗೂಗಲ್, ಯಾಹೂ ತಾಣಗಳಿಗೆ ಅನಧಿಕೃತ ಸರ್ಟಿಫಿಕೇಟುಗಳು ಹೊರಟಿದ್ದುದು ಬಯಲಾಯಿತು. ಭಾರತದ ಮೂಲ ಸರ್ಟಿಫಿಕೇಟ್ ಮೈಕ್ರೋಸಾಫ್ಟಿನ ಪಟ್ಟಿಯಲ್ಲಿದ್ದುದರಿಂದ ವಿಂಡೋಸ್ ಅವನ್ನು ನಂಬುತ್ತಿತ್ತು. ಫೈರ್‌ಫಾಕ್ಸ್ ಪಟ್ಟಿಯಲ್ಲಿ ಇರಲಿಲ್ಲ. ಆಮೇಲೆ ಗೂಗಲ್, ನಮ್ಮ ಮೂಲ ಸಂಸ್ಥೆಯ ಜಾಮೀನು ಸರ್ಕಾರಿ ಮತ್ತು ಇನ್ನು ಕೆಲವು ಹೆಸರುಗಳಿಗಷ್ಟೇ ಸಾಕೆಂದು ಕ್ರೋಮ್‌ನಲ್ಲಿ ಬೇಲಿ ಹಾಕಿತು. ಮುಜುಗರದ ಸಂಗತಿ, ಆದರೆ ಮಾಡಿದ್ದು ಸರಿ.

ಈಗ ಹೊರಡುವ ಸರ್ಟಿಫಿಕೇಟುಗಳನ್ನು ಅಳಿಸಲಾಗದ ಸಾರ್ವಜನಿಕ ದಾಖಲೆಗೆ ಸೇರಿಸಬೇಕು. 2018ರಿಂದ ಕ್ರೋಮ್ ಹಟ ಹಿಡಿದಿದೆ. ಕಳ್ಳತನ ಅದರಿಂದ ನಿಲ್ಲುವುದಿಲ್ಲ, ಮುಚ್ಚಿಡುವುದು ಕಷ್ಟವಾಗುತ್ತದೆ. ನಾನೂ ಆಗಾಗ ನಮ್ಮ ಸಂಘದ ಹೆಸರಿನಲ್ಲಿ ಮತ್ಯಾರಾದರೂ ಸರ್ಟಿಫಿಕೇಟ್ ಪಡೆದಿದ್ದಾರೆಯೇ ಎಂದು ಅಲ್ಲಿ ಹುಡುಕುತ್ತೇನೆ.

ಇಷ್ಟಾದರೂ ಈ ಜಾಮೀನು ಹೆಸರಿಗೆ ಮಾತ್ರ. ಬ್ಯಾಂಕಿನ ಹೆಸರನ್ನು ಒಂದಕ್ಷರ ತಿರುಚಿ ತಾಣ ಮಾಡಿದ ವಂಚಕನಿಗೂ ಸರ್ಟಿಫಿಕೇಟ್ ಉಚಿತವಾಗಿ ಸಿಗುತ್ತದೆ. ಬೀಗದ ಚಿತ್ರ ನೋಡಿ ಜನ ಮೋಸಹೋಗುತ್ತಾರೆಂದೇ 2023ರಲ್ಲಿ ಕ್ರೋಮ್ ಅದನ್ನು ತೆಗೆದುಹಾಕಿತು. ಹಣ ಕಳಿಸುವ ಮೊದಲು ವಿಳಾಸವನ್ನು ಅಕ್ಷರ ಬಿಡದೆ ಓದಿ. ಎಚ್ಚರಿಕೆ ಬಂದರೆ ಕಂಪ್ಯೂಟರಿನ ತಾರೀಖು ತಪ್ಪಿದೆಯೇ ನೋಡಿ. ತಾರೀಖು ಸರಿಯಿದ್ದರೆ ಪುಟ ಮುಚ್ಚಿ, ಪಾಸ್‌ಬುಕ್ಕಿನಲ್ಲಿರುವ ನಂಬರಿಗೆ ಫೋನ್ ಮಾಡಿ.