‘ಸಾರ್ವಜನಿಕರ ಬಹುದಿನಗಳ ಬೇಡಿಕೆ’

‘ಸಾರ್ವಜನಿಕರ ಬಹುದಿನಗಳ ಬೇಡಿಕೆ’ ಎಂಬ ಮಾತು ಇಲ್ಲದ ಮನವಿಪತ್ರ ಉಡುಪಿ, ಕಾಪು, ಕಾರ್ಕಳದ ಕಡೆ ಅಪರೂಪ. ಕಾಲುಸಂಕವಾಗಲಿ ಸರಕಾರಿ ಬಸ್ಸಾಗಲಿ, ಊರಿನ ಕೊರತೆಯ ಮಾತುಕತೆ ಅಂಗಡಿ ಜಗಲಿಯಲ್ಲಿ ಹೆಚ್ಚಾಗಿ ತುಳುವಿನಲ್ಲೇ ನಡೆಯುತ್ತದೆ. ತಹಶೀಲ್ದಾರರಿಗೆ ಬರೆದುಕೊಡುವಾಗ ಮಾತ್ರ ಈ ಕನ್ನಡ ಪದಪುಂಜ ಬೇಕೇ ಬೇಕು.

ಆಸೆ ಮನಸ್ಸಿನಲ್ಲೇ ಉಳಿಯಬಹುದು. ಬೇಡಿಕೆ ಎಂದ ಕೂಡಲೇ ಅದನ್ನು ಈಡೇರಿಸಬೇಕಾದವರೂ ಇದ್ದಾರೆ ಎಂದಾಗುತ್ತದೆ. ‘ಬಹುದಿನಗಳ’ ಎಂಬುದು ಆಗಿರುವ ವಿಳಂಬವನ್ನು ಯಾರನ್ನೂ ನೋಯಿಸದೆ ಸೂಚಿಸುತ್ತದೆ. ಮಾತಿನ ಬಲ ಇರುವುದು ಇಲ್ಲಿ, ದೌರ್ಬಲ್ಯವೂ ಇಲ್ಲೇ. ಯಾರು ಕೇಳಿದರು, ಯಾವಾಗಿನಿಂದ ಕೇಳುತ್ತಿದ್ದಾರೆ, ಎಲ್ಲಿ ತಡೆಯಾಯಿತು ಎಂಬುದು ಇದರಿಂದ ತಿಳಿಯುವುದಿಲ್ಲ.

ಉಡುಪಿ ಜಿಲ್ಲೆಯೇ ಇಂಥದೊಂದು ಬೇಡಿಕೆಯ ಫಲ. 1997ರ ಆಗಸ್ಟ್ 25ರಂದು ಉಡುಪಿ, ಕುಂದಾಪುರ, ಕಾರ್ಕಳ ತಾಲ್ಲೂಕುಗಳು ದಕ್ಷಿಣ ಕನ್ನಡದಿಂದ ಬೇರೆಯಾದವು. ಅಲ್ಲಿಯವರೆಗೆ ಜಿಲ್ಲಾ ಕಚೇರಿಯ ಕೆಲಸಕ್ಕೆ ಬೈಂದೂರಿನವರು ನೂರು ಕಿಲೋಮೀಟರಿಗೂ ಹೆಚ್ಚು ದೂರದ ಮಂಗಳೂರಿಗೆ ಹೋಗಬೇಕಿತ್ತು. ಈಗ ಜಿಲ್ಲಾಧಿಕಾರಿ ಕಚೇರಿ ಮಣಿಪಾಲದ ‘ರಜತಾದ್ರಿ’ ಸಂಕೀರ್ಣದಲ್ಲಿದೆ. ತಾಲ್ಲೂಕುಗಳ ಕಥೆ ಇನ್ನೂ ದೀರ್ಘ. ಪುನರ್ವಿಂಗಡಣೆಗಾಗಿ ರಾಜ್ಯದಲ್ಲಿ ವಾಸುದೇವರಾವ್, ಹುಂಡೇಕರ್, ಗದ್ದಿಗೌಡರ್, ಎಂ.ಬಿ. ಪ್ರಕಾಶ್ ಸಮಿತಿಗಳು ಒಂದರ ಹಿಂದೊಂದು ಬಂದುಹೋದವು. ಕೊನೆಗೆ 2018ರಲ್ಲಿ ಕಾಪು, ಬ್ರಹ್ಮಾವರ, ಬೈಂದೂರು, ಹೆಬ್ರಿ ತಾಲ್ಲೂಕುಗಳು ಅಸ್ತಿತ್ವಕ್ಕೆ ಬಂದವು. ಇಲ್ಲಿ ‘ಬಹುದಿನ’ ಎಂದರೆ ದಶಕಗಳು.

ಬೇಡಿಕೆ ಈಡೇರಿದಾಗ ಮಾತು ಬದಲಾಗುತ್ತದೆ. ಫ್ಲೆಕ್ಸಿನಲ್ಲಿ ‘ಬಹುದಿನಗಳ ಕನಸು ನನಸು’ ಎಂದು ಬರೆಯಿಸಿ, ಪಕ್ಕದಲ್ಲಿ ನಾಯಕರ ಫೋಟೊ ಹಾಕುತ್ತಾರೆ. ನಿನ್ನೆಯವರೆಗೆ ಹಕ್ಕಾಗಿದ್ದದ್ದು ಇಂದು ಕೊಡುಗೆಯಾಗುತ್ತದೆ; ಕಚೇರಿಗಳಿಗೆ ಅಲೆದು ಚಪ್ಪಲಿ ಸವೆಸಿದ ಹೋರಾಟ ಸಮಿತಿಯವರ ಹೆಸರು ಅಲ್ಲಿರುವುದಿಲ್ಲ. ಇದು ಸರಿಯಲ್ಲ.

ಮನವಿಯಲ್ಲಿ ಈ ಮಾತಿಗೆ ತೂಕ ಬರುವುದು ದಾಖಲೆಯಿಂದ. ಗ್ರಾಮಸಭೆಯಲ್ಲಿ ನಿರ್ಣಯವಾಗಿದ್ದರೆ ಅದರ ದಿನಾಂಕ, ಹಿಂದಿನ ಅರ್ಜಿಗಳ ಪ್ರತಿ, ಸಿಕ್ಕಿದ ಹಿಂಬರಹ, ಬಳಸುವ ಮನೆಗಳ ಸಂಖ್ಯೆ ಜೊತೆಗಿದ್ದರೆ ‘ಸಾರ್ವಜನಿಕರು’ ಯಾರೆಂದೂ ‘ಬಹುದಿನ’ ಎಷ್ಟೆಂದೂ ಅಧಿಕಾರಿಗೆ ಗೊತ್ತಾಗುತ್ತದೆ. ಈ ಮಾತಿನ ಬಳಕೆಯಂತೂ ನಿಂತಿಲ್ಲ: ಕಾರ್ಕಳಕ್ಕೆ ರೈಲು ಬೇಕು, ತುಳು ಸಂವಿಧಾನದ ಎಂಟನೇ ಪರಿಚ್ಛೇದಕ್ಕೆ ಸೇರಬೇಕು ಎಂಬ ಕೂಗುಗಳು ಇಂದಿಗೂ ಇದೇ ಪದಪುಂಜದಲ್ಲಿ ಅಚ್ಚಾಗುತ್ತಿವೆ.