ಈ ಬೆವರು ಬಿಸಿಲಿನದೇ?

ಮಾರ್ಚ್ ಬಂತೆಂದರೆ ಕಲಬುರಗಿ ಜಿಲ್ಲೆಯ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿಗಳ ಶಾಲೆಗಳಲ್ಲಿ ಬೆವರದ ಮಗುವೇ ಇಲ್ಲ. ಮೇ ಹೊತ್ತಿಗೆ 40 ಡಿಗ್ರಿ ದಾಟುವ ಸೀಮೆ ಇದು. ಇಲ್ಲಿ ಹುಡುಗಿಯೊಬ್ಬಳು ಬೆವೆತು, ಕೈ ನಡುಗಿಸುತ್ತ ಮಂಕಾಗಿ ಕೂತರೆ ಬಿಸಿಲಿನ ಝಳವೆಂದು ಮೇಷ್ಟ್ರು ಸುಮ್ಮನಾಗಿಬಿಡಬಹುದು. ಅವಳಿಗೆ ಟೈಪ್ 1 ಮಧುಮೇಹವಿದ್ದರೆ ಅದು ರಕ್ತದ ಸಕ್ಕರೆ ಕುಸಿದ ಲಕ್ಷಣವಿದ್ದೀತು.

'ಶುಗರ್ ಅಂದ್ರ ವಯಸ್ಸಾದವರ ಬ್ಯಾನಿ' ಎಂಬ ನಂಬಿಕೆಯೇ ಮೊದಲ ತೊಡಕು. ಟೈಪ್ 1 ಸಿಹಿ ತಿಂದು ಬರುವುದಲ್ಲ, ಅಂಟುವುದೂ ಅಲ್ಲ. ದೇಹದ ರಕ್ಷಣಾ ವ್ಯವಸ್ಥೆಯೇ ಇನ್ಸುಲಿನ್ ತಯಾರಿಸುವ ಜೀವಕೋಶಗಳನ್ನು ನಾಶಮಾಡುತ್ತದೆ. ಅಂತರರಾಷ್ಟ್ರೀಯ ಮಧುಮೇಹ ಒಕ್ಕೂಟದ 2021ರ ಅಂದಾಜಿನಂತೆ ಭಾರತದಲ್ಲಿ ಇಪ್ಪತ್ತರೊಳಗಿನ ಎರಡು ಲಕ್ಷಕ್ಕೂ ಹೆಚ್ಚು ಮಂದಿಗೆ ಇದಿದೆ. 1922ರಲ್ಲಿ ಟೊರಾಂಟೊದ ಹದಿನಾಲ್ಕರ ಹುಡುಗನಿಗೆ ಮೊದಲ ಇನ್ಸುಲಿನ್ ಚುಚ್ಚುವವರೆಗೆ ಇಂಥ ಮಕ್ಕಳು ಹೆಚ್ಚು ದಿನ ಬದುಕುತ್ತಿರಲಿಲ್ಲ.

ಇನ್ಸುಲಿನ್ ತೆಗೆದುಕೊಂಡ ಮೇಲೆ ಊಟ ತಡವಾಗುವಂತಿಲ್ಲ. ಚಿಂಚೋಳಿಯ ತಾಂಡಾದಿಂದ ನಸುಕಿನಲ್ಲೇ ಬಸ್ಸು ಹತ್ತುವ ಮಗುವಿಗೆ ಮಧ್ಯಾಹ್ನ ಬಲು ದೂರ. ಶಾಲೆಯ ಬಿಸಿಯೂಟದಲ್ಲಿ ಈ ಮಕ್ಕಳಿಗೆ ಬೇರೆ ಅಡುಗೆ ಬೇಕಿಲ್ಲ. ಹೊತ್ತಿಗೆ ಸರಿಯಾಗಿ ತಾಟು ಸಿಗಬೇಕು, ಸಾಲಿನ ಕೊನೆಗೆ ನಿಲ್ಲಿಸಬಾರದು. ಕಬಡ್ಡಿ, ಖೋ-ಖೋ ಯಾವುದನ್ನೂ ಬಿಡಿಸಬೇಕಿಲ್ಲ. ಆಟಕ್ಕಿಳಿಯುವ ಮುನ್ನ ಸಕ್ಕರೆ ಪರೀಕ್ಷಿಸಿ, ಅಗತ್ಯವಿದ್ದರೆ ಏನಾದರೂ ತಿಂದರಾಯಿತು.

ರಕ್ತದ ಸಕ್ಕರೆ ಡೆಸಿಲೀಟರಿಗೆ 70 ಮಿಲಿಗ್ರಾಂಗಿಂತ ಕೆಳಗಿಳಿದರೆ ಮೂರು ಚಮಚ ಗ್ಲೂಕೋಸ್ ಅಥವಾ ಸಕ್ಕರೆ ಕಲಸಿದ ನೀರು ಕುಡಿಸಿ, ಹದಿನೈದು ನಿಮಿಷ ಬಿಟ್ಟು ಮತ್ತೆ ನೋಡಬೇಕು. ಗ್ಲೂಕೋಮೀಟರ್ ಕೈಗೆ ಸಿಗದಿದ್ದರೂ ತಡಮಾಡದೆ ಕುಡಿಸುವುದೇ ಸರಿ. ಆ ಹೊತ್ತಿನಲ್ಲಿ ಮಗುವನ್ನು ಒಂಟಿಯಾಗಿ ಎಲ್ಲಿಗೂ ಕಳಿಸಬಾರದು. ಪ್ರಜ್ಞೆ ತಪ್ಪಿದರೆ ಬಾಯಿಗೆ ಏನನ್ನೂ ಹಾಕದೆ ಪಕ್ಕಕ್ಕೆ ಹೊರಳಿಸಿ ಮಲಗಿಸಿ, ಕೂಡಲೇ ಆಸ್ಪತ್ರೆಗೆ ಒಯ್ಯಬೇಕು.

ಸಕ್ಕರೆ ಏರಿದಾಗ ಬಾಯಾರಿಕೆ, ಪದೇ ಪದೇ ಮೂತ್ರ. 'ಸರ್, ಹೊರಗ ಹೋಗಿ ಬರ್ಲ್ಯಾ' ಎಂದು ಮತ್ತೆ ಮತ್ತೆ ಕೇಳುವ ಮಗುವನ್ನು ಗದರಬಾರದು. ಜೊತೆಗೆ ವಾಂತಿ, ಹೊಟ್ಟೆನೋವು, ಏದುಸಿರು ಕಂಡರೆ ಅದು ಜೀವಕ್ಕೆ ಅಪಾಯ.

ಔಷಧಿಗೂ ಈ ಬಿಸಿಲು ಆಗದು. ತೆರೆಯದ ಇನ್ಸುಲಿನ್ 2ರಿಂದ 8 ಡಿಗ್ರಿಯಲ್ಲಿರಬೇಕು. ಬಳಸುತ್ತಿರುವುದನ್ನು ಸುಮಾರು ನಾಲ್ಕು ವಾರ ಹೊರಗಿಡಬಹುದಾದರೂ 30 ಡಿಗ್ರಿ ಮೀರಬಾರದು. ಫ್ರಿಜ್ ಇಲ್ಲದ ಕಡೆ ಗಡಿಗೆಯೊಳಗೊಂದು ಗಡಿಗೆ ಇಟ್ಟು, ನಡುವೆ ಒದ್ದೆ ಮರಳು ತುಂಬಿ, ಒಳಗಿನದರಲ್ಲಿ ಇನ್ಸುಲಿನ್ ಇಡುವುದುಂಟು. ಶಿಕ್ಷಕರ ಕೋಣೆಯ ನೆರಳಲ್ಲಿ ಅದಕ್ಕೊಂದು ಮೂಲೆ ಸಾಕು.

ಸಿಬಿಎಸ್‌ಇ 2017ರಲ್ಲೇ ತನ್ನ ಬೋರ್ಡ್ ಪರೀಕ್ಷೆಗೆ ಈ ಮಕ್ಕಳು ಹಣ್ಣು, ಚಾಕೊಲೇಟ್, ನೀರು ತರಲು ಒಪ್ಪಿತು. ಮಕ್ಕಳ ಹಕ್ಕುಗಳ ರಾಷ್ಟ್ರೀಯ ಆಯೋಗ 2023ರಲ್ಲಿ ಶಾಲೆಗಳಲ್ಲಿ ಇಂಥ ಅನುಕೂಲ ಮಾಡಿಕೊಡುವಂತೆ ರಾಜ್ಯಗಳಿಗೆ ಬರೆಯಿತು.

ಜೂನ್‌ನಲ್ಲಿ ಹೆಸರು ಹಚ್ಚುವಾಗಲೇ ಅಪ್ಪ-ಅವ್ವ ಒಂದು ಹಾಳೆ ಬರೆದುಕೊಡಬೇಕು: ಇನ್ಸುಲಿನ್ ಹೊತ್ತು, ಕುಸಿತದ ಲಕ್ಷಣ, ವೈದ್ಯರ ಮತ್ತು ಮನೆಯ ಫೋನ್ ನಂಬರು. ಅದು ಹೆಡ್‌ಮಾಸ್ತರರ ಕಪಾಟಿನಲ್ಲಿ ಉಳಿಯದೆ ಅತಿಥಿ ಶಿಕ್ಷಕರಿಗೂ ಅಡುಗೆಯವರಿಗೂ ತಲುಪಬೇಕು. ಗ್ಲೂಕೋಸ್ ಡಬ್ಬಿ ಇಟ್ಟ ಜಾಗಕ್ಕೆ ಬೀಗ ಬೇಡ.