ಪೋಲೆಂಡ್ ದೇಶದ ಕಡುಬು

ಕಣಕವನ್ನು ನಾದಿ, ಲಟ್ಟಿಸಿ, ನಡುವೆ ಹೂರಣವನ್ನಿಟ್ಟು ಅಂಚನ್ನು ಒತ್ತುವ ಕೆಲಸ ನಮ್ಮ ಅಡಿಗೆಮನೆಗಳಿಗೆ ಹೊಸದಲ್ಲ. ಆದಕಾರಣ ಪೋಲೆಂಡ್ ದೇಶದ ‘ಪಿಯೆರೋಗಿ’ಯನ್ನು ಅರಿತುಕೊಳ್ಳಲು ನಮಗೆ ಹೆಚ್ಚಿನ ಶ್ರಮವಾಗದು. ಆಕಾರದಲ್ಲಿ ಅದು ನಮ್ಮ ಕಡುಬಿನ ನಂಟು. ಆದರೆ ಬೇಯುವುದು ಹಬೆಯಲ್ಲಲ್ಲ, ಕುದಿಯುವ ಉಪ್ಪುನೀರಿನಲ್ಲಿ.

ಇದರ ಹೂರಣಗಳು ಹಲವು. ಕ್ರಿಸ್‌ಮಸ್ಸಿನ ಮುನ್ನಾದಿನ ರಾತ್ರಿಯ ಊಟದಲ್ಲಿ ಮಾಂಸವನ್ನು ವರ್ಜಿಸುವುದು ಅಲ್ಲಿಯ ಸಂಪ್ರದಾಯವಾದುದರಿಂದ ಅಂದು ಹುಳಿಬರಿಸಿದ ಕೋಸು ಮತ್ತು ಅಣಬೆಗಳನ್ನು ತುಂಬುತ್ತಾರೆ. ನಾವು ಇಲ್ಲಿ ವಿವರಿಸುವುದು ‘ರುಸ್ಕಿಯೇ’ ಎಂಬ ಬಗೆಯನ್ನು, ಇದೂ ಶಾಕಾಹಾರವೇ.

500 ಗ್ರಾಂ ಮೈದಾಹಿಟ್ಟಿಗೆ ಚಿಟಿಕೆ ಉಪ್ಪು, ಒಂದು ಚಮಚ ಬೆಣ್ಣೆ ಸೇರಿಸಿ, ಸುಮಾರು 250 ಮಿಲಿಲೀಟರು ಬಿಸಿನೀರನ್ನು ಸ್ವಲ್ಪಸ್ವಲ್ಪವಾಗಿ ಹಾಕುತ್ತ ಕಲಸಬೇಕು. ತಣ್ಣೀರಿನಲ್ಲಿ ಕಲಸಿದ ಕಣಕ ಲಟ್ಟಿಸಿದಷ್ಟೂ ಹಿಂದಕ್ಕೆ ಸೆಳೆಯುತ್ತದೆ. ಬಿಸಿನೀರು ಆ ಬಿಗುವನ್ನು ತಗ್ಗಿಸುತ್ತದೆ. ಚೆನ್ನಾಗಿ ನಾದಿ, ಮುಚ್ಚಿ, ಅರ್ಧ ಗಂಟೆ ಬಿಡಬೇಕು. ಅಷ್ಟರಲ್ಲಿ 500 ಗ್ರಾಂ ಆಲೂಗೆಡ್ಡೆಯನ್ನು ಬೇಯಿಸಿ ಹಿಸುಕಿ, ಹುಳಿಹಾಲನ್ನು ಒಡೆಯಿಸಿ ಬಟ್ಟೆಯಲ್ಲಿ ನೀರಿಳಿಸಿದ ಗಟ್ಟಿ 250 ಗ್ರಾಂ, ಬೆಣ್ಣೆಯಲ್ಲಿ ಕೆಂಪಗೆ ಹುರಿದ ಎರಡು ಈರುಳ್ಳಿ, ಉಪ್ಪು ಮತ್ತು ಮೆಣಸಿನಪುಡಿಗಳನ್ನು ಬೆರೆಸಬೇಕು. ಹೂರಣ ಪೂರಾ ಆರಿರಬೇಕು, ಒಣಗಿಯೂ ಇರಬೇಕು.

ಕಣಕವನ್ನು ತೆಳ್ಳಗೆ ಲಟ್ಟಿಸಿ, ಲೋಟದ ಬಾಯಿಂದ ಬಿಲ್ಲೆಗಳನ್ನು ಕತ್ತರಿಸಿ, ಒಂದೊಂದು ಚಮಚ ಹೂರಣವನ್ನಿಟ್ಟು ಮಡಿಸಿ ಅಂಚನ್ನು ಒತ್ತಬೇಕು. ಅಂಚಿಗೆ ಹೂರಣದ ಲೇಶ ತಗುಲಿದರೂ ಅದು ನೀರಿನಲ್ಲಿ ಬಾಯಿ ಬಿಡುವುದು. ಈ ಅಡಿಗೆಯ ಸೋಲುಗೆಲವುಗಳು ಇಲ್ಲಿಯೇ. ಕುದಿಯುವ ನೀರಿನಲ್ಲಿ ಕೆಲವನ್ನೇ ಬಿಟ್ಟು, ಅವು ಮೇಲಕ್ಕೆ ತೇಲಿಬಂದ ಬಳಿಕ ಎರಡು ಮೂರು ನಿಮಿಷ ತಾಳಿ ತೆಗೆಯಬೇಕು. ಮೇಲೆ ಹುರಿದ ಈರುಳ್ಳಿಯೂ ಹುಳಿಕೆನೆಯೂ ಒಪ್ಪುತ್ತವೆ. ಉಳಿದುದನ್ನು ಮರುದಿನ ಬೆಣ್ಣೆಯಲ್ಲಿ ಹುರಿಯುವುದುಂಟು.

ಇನ್ನು ಹೆಸರಿನ ಮಾತು. ‘ರುಸ್ಕಿಯೇ’ ಎಂದರೆ ರಷ್ಯಾದ್ದು ಎಂದು ಅನೇಕರು ತಪ್ಪಾಗಿ ಭಾವಿಸುತ್ತಾರೆ. ಅದು ಸೂಚಿಸುವುದು ರುಥೇನಿಯವನ್ನು, ಎಂದರೆ ಲ್ವೂಫ್ ನಗರದ ಸುತ್ತಣ ನಾಡನ್ನು. 1945ರಲ್ಲಿ ಆ ನಾಡು ಪೋಲೆಂಡಿನ ಕೈತಪ್ಪಿ ಸೋವಿಯತ್ ಒಕ್ಕೂಟಕ್ಕೆ ಸೇರಿತು. ಇಂದು ಅದು ಉಕ್ರೇನಿನಲ್ಲಿದ್ದು, ನಗರಕ್ಕೆ ಲ್ವಿವ್ ಎಂದು ಹೆಸರು. ನೆಲೆ ತೊರೆದ ಪೋಲಿಷ್ ಜನರು ದೇಶದ ಪಶ್ಚಿಮ ಭಾಗಗಳಿಗೆ ಹೋಗಿ ನೆಲಸಿದರು. ಹೊಲಮನೆಗಳನ್ನು ಒಯ್ಯಲಾಗಲಿಲ್ಲ, ಈ ಅಡಿಗೆಯನ್ನು ಒಯ್ದರು. 2022ರಲ್ಲಿ ರಷ್ಯಾ ಉಕ್ರೇನಿನ ಮೇಲೆ ದಂಡೆತ್ತಿದಾಗ ಪೋಲೆಂಡಿನ ಕೆಲವು ಭೋಜನಶಾಲೆಗಳು ಇದನ್ನು ‘ಉಕ್ರೇನಿನ ಪಿಯೆರೋಗಿ’ ಎಂದು ಕರೆಯತೊಡಗಿದವು.

ಈ ವಿಷಯ ನಮಗೆ ತೀರ ದೂರದ್ದೂ ಅಲ್ಲ. ಯುದ್ಧಕಾಲದಲ್ಲಿ ಪೋಲೆಂಡಿನ ಪೂರ್ವಭಾಗಗಳಿಂದ ಸೋವಿಯತ್ ಸರಕಾರವು ಗಡೀಪಾರು ಮಾಡಿದ್ದವರಲ್ಲಿ ಸುಮಾರು 5,000 ಮಂದಿ, ಬಹುಪಾಲು ಹೆಂಗಸರು ಮತ್ತು ಮಕ್ಕಳು, 1943ರಿಂದ 1948ರವರೆಗೆ ನಮ್ಮ ಬೆಳಗಾವಿಗೆ ಸಮೀಪದ ಕೊಲ್ಲಾಪುರದ ವಳಿವಡೆ ಶಿಬಿರದಲ್ಲಿ ಆಶ್ರಯ ಪಡೆದಿದ್ದರು. ಬಿಟ್ಟುಬಂದ ಊರಿಗೆ ಅವರಲ್ಲಿ ಬಹುಮಂದಿ ಮತ್ತೆ ಹಿಂದಿರುಗಲಾಗಲಿಲ್ಲ. ಅಂಥವರ ಮನೆಗಳಲ್ಲಿ ಊರಿನ ರುಚಿ ಎಂಬುದು ಬರಿಯ ನಾಲಗೆಯ ಚಪಲವಲ್ಲವೆಂಬುದನ್ನು ನಾವು ನೆನೆಯಬೇಕು. ಬಿಡುವಿನ ದಿನ ಮನೆಮಂದಿಯೆಲ್ಲ ಕೂತು ಇದನ್ನೊಮ್ಮೆ ಮಾಡಿ ನೋಡಬಹುದು. ಅಂಚು ಒತ್ತುವ ಕೆಲಸಕ್ಕೆ ಎಷ್ಟು ಕೈಗಳಿದ್ದರೂ ಹೆಚ್ಚಲ್ಲ.